ಉಜ್ಜಿ ಉಜ್ಜಿ ಅಳಿದ ಹೆಸರುಗಳು

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ. ತಗಡಿನ ಮಾಡಿನ ಉದ್ದನೆಯ ಕಟ್ಟಡದ ಹಿಂಬಾಗಿಲ ಬೀಗ ತೆಗೆದು, ಬಾಗಿಲಿನ ಕೆಳಮೂಲೆಗೆ ಮೊಣಕಾಲಿನಿಂದ ಒಂದು ಗುದ್ದು ಕೊಟ್ಟು ಅವರು ಒಳಗೆ ಬರುತ್ತಾರೆ. ಆ ಗುದ್ದು ಬೀಳದೆ ಬಾಗಿಲು ಜಗ್ಗುವುದಿಲ್ಲ. ಇದು ಗೊತ್ತಿಲ್ಲದೆ ಸಂಗ್ರಹಾಲಯದ ಈಗಿನ ಕ್ಯುರೇಟರ್ ತಮ್ಮ ಕೆಲಸದ ಮೊದಲ ದಿನ ಮುಕ್ಕಾಲು ಗಂಟೆ ಹೊರಗೇ ನಿಂತಿದ್ದರು.

ಒಳಗೆ ನುಸಿಗುಳಿಗೆಯ ಘಾಟು, ಹಳೆಯ ಚರ್ಮದ ವಾಸನೆ. ಹದಿನಾಲ್ಕು ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಾರೆ. ಮೂವತ್ತೆಂಟು ಸಮವಸ್ತ್ರಗಳ ಕಾಲರಿನೊಳಗೆ ಬೆರಳು ತೂರಿಸಿ ತೇವ ಇದೆಯೇ ಎಂದು ನೋಡುತ್ತಾರೆ. ನಲವತ್ತಮೂರು ಜೊತೆ ಬೂಟುಗಳನ್ನು ತಲೆಕೆಳಗು ಮಾಡಿ ಒಮ್ಮೆ ಕುಟ್ಟುತ್ತಾರೆ. ಹೋದ ತಿಂಗಳು ಒಂದು ಬೂಟಿನಿಂದ ಇಲಿಮರಿಗಳು ಉದುರಿದ್ದವು. ಇಪ್ಪತ್ತೆರಡು ಗಾಜಿನ ಪೆಟ್ಟಿಗೆಗಳನ್ನು ಒದ್ದೆ ಬಟ್ಟೆಯಲ್ಲೊಮ್ಮೆ, ಒಣ ಬಟ್ಟೆಯಲ್ಲೊಮ್ಮೆ ಒರೆಸುತ್ತಾರೆ. ಇಷ್ಟಾಗುವಾಗ ಏಳೂವರೆ. ಆಮೇಲೆ ಮೂರನೆಯ ಕೋಣೆಗೆ ಹೋಗಿ, ಪದಕಗಳ ಪೆಟ್ಟಿಗೆಯ ಎದುರಿನ ಸ್ಟೂಲಿನ ಮೇಲೆ ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಳ್ಳುತ್ತಾರೆ.

"ಕೈ ಮಾತು ಕೇಳಲ್ಲ," ಎನ್ನುತ್ತಾರೆ. "ಇಪ್ಪತ್ತೆರಡು ವರ್ಷದ ಚಟ. ಹೊರಗೆ ಬಿಟ್ರೆ ಬಟ್ಟೆ ಹುಡುಕತ್ತೆ, ಪಾಲಿಶ್ ಡಬ್ಬಿ ಹುಡುಕತ್ತೆ. ಅದಕ್ಕೇ ಅದರ ಮೇಲೆ ಕೂತ್ಕೊಂಡುಬಿಡ್ತೀನಿ."

ಎಲ್ಲರೂ ಅವರನ್ನು ಕರೆಯುವುದು ಪಾಲಿಶಕ್ಕ ಎಂದು. ಹಾಜರಿ ಪುಸ್ತಕದಲ್ಲಿ ಮಾತ್ರ 'ಸ್ವಚ್ಛತಾ ಸಿಬ್ಬಂದಿ'. ವಯಸ್ಸು ಐವತ್ತೆಂಟು, ಇಲ್ಲಿಗೆ ಬಂದು ಇಪ್ಪತ್ನಾಲ್ಕು ವರ್ಷ. ಇದು ಸುತ್ತಲಿನ ಊರುಗಳಿಂದ ಯುದ್ಧಕ್ಕೆ ಹೋದವರ ನೆನಪಿಗಾಗಿ ತೆರೆದ ಸಂಗ್ರಹಾಲಯ. ಒಂದು ಕಾಲಕ್ಕೆ ಸೈನ್ಯದ ದವಸದ ಉಗ್ರಾಣವಾಗಿದ್ದ ಕಟ್ಟಡ. ಮೊದಲ ಕೋಣೆಯಲ್ಲಿ ಫೋಟೋಗಳು. ಎರಡನೆಯದರಲ್ಲಿ ಬಟ್ಟೆ, ಬೂಟು, ನೀರಿನ ಬಾಟಲಿ, ಗುಂಡು ಹಾದುಹೋದ ಒಂದು ಊಟದ ತಟ್ಟೆ. ಮೂರನೆಯದರಲ್ಲಿ ಮನೆಮನೆಯವರು ತಂದುಕೊಟ್ಟ ಮುನ್ನೂರ ಹನ್ನೆರಡು ಪದಕಗಳು. ದಿನಕ್ಕೆ ಹನ್ನೊಂದು ಜನ ನೋಡಲು ಬರುತ್ತಾರೆ. ಜೋರು ಮಳೆ ಬಂದರೆ ಇಪ್ಪತ್ತು. "ಆ ಒಂಬತ್ತು ಜನ ನಮ್ಮನ್ನು ನೋಡೋಕೆ ಬಂದೋರಲ್ಲ, ನೆನೀಬಾರ್ದು ಅಂತ ಬಂದೋರು," ಎಂದು ಪಾಲಿಶಕ್ಕ ನಗುತ್ತಾರೆ. ಆ ನಗೆ ಬಹಳ ಹೊತ್ತು ನಿಲ್ಲುವುದಿಲ್ಲ.

ಏಕೆಂದರೆ ಗುರುವಾರ ಸಮಿತಿ ಕೂರುತ್ತದೆ. ಸಂಗ್ರಹಾಲಯವನ್ನು ಹೊಸದಾಗಿ ಜೋಡಿಸಲಾಗುತ್ತಿದೆ. ಯಾರದೆಂದು ಹೇಳಲಾಗದ ಪದಕಗಳನ್ನೆಲ್ಲ 'ಗುರುತು ಸಿಗದವು' ಎಂದು ಬರೆದು ದೂರದ ಕೇಂದ್ರ ಉಗ್ರಾಣಕ್ಕೆ ಕಳಿಸುತ್ತಾರೆ. ಅಲ್ಲಿಗೆ ಹೋದದ್ದು ಮತ್ತೆ ಬೆಳಕು ಕಂಡ ಉದಾಹರಣೆ ಇಲ್ಲ. ಅಂಥ ಪದಕಗಳು ಐವತ್ತೇಳು. ಅವುಗಳಲ್ಲಿ ಒಂದು ಪಾಲಿಶಕ್ಕನ ಅಪ್ಪನದು. ಆ ಐವತ್ತೇಳರ ಮೇಲಿದ್ದ ಹೆಸರುಗಳನ್ನು ಅಳಿಸಿದವರೂ ಪಾಲಿಶಕ್ಕನೇ.

*

ಅಪ್ಪ ಸೈನ್ಯದಲ್ಲಿದ್ದರು, ಆದರೆ ಬಂದೂಕು ಹಿಡಿದವರಲ್ಲ. ಬಿದ್ದವರನ್ನು ಸ್ಟ್ರೆಚರಿನಲ್ಲಿ ಹೊತ್ತು ತರುವುದು ಅವರ ಕೆಲಸ. ಯುದ್ಧ ಮುಗಿಸಿ ಬಂದವರು ಮರದ ಡಿಪೋದಲ್ಲಿ ದಿಮ್ಮಿ ಹೊತ್ತರು. ಯಾರಾದರೂ ಯುದ್ಧದ ಸುದ್ದಿ ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಕೋಪದಿಂದಲ್ಲ, ಒಲೆಯ ಮೇಲೆ ಏನೋ ಇಟ್ಟು ಮರೆತವರ ಹಾಗೆ. ಪದಕ ಅಮ್ಮನ ಟ್ರಂಕಿನ ತಳದಲ್ಲಿತ್ತು. ಅದನ್ನು ಅವರು ಎದೆಗೆ ಸಿಕ್ಕಿಸಿಕೊಂಡದ್ದನ್ನು ಮನೆಯಲ್ಲಿ ಯಾರೂ ನೋಡಲಿಲ್ಲ.

"ಒಂದ್ಸಲ ಕೇಳ್ದೆ, ಯಾಕಪ್ಪ ಹಾಕ್ಕೊಳ್ಳಲ್ಲ ಅಂತ," ಪಾಲಿಶಕ್ಕ ನೆನಪಿಸಿಕೊಳ್ಳುತ್ತಾರೆ. "ಭಾರ ಅಂದ್ರು. ನಾನು ಚಿಕ್ಕೋಳು, ಕೈಯಲ್ಲಿ ಹಿಡಿದು ನೋಡ್ದೆ. ಏನೂ ಭಾರ ಇರ್ಲಿಲ್ಲ. ಅಪ್ಪ ಸುಳ್ಳು ಹೇಳ್ತಾರೆ ಅಂದ್ಕೊಂಡೆ."

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ಸಂಗ್ರಹಾಲಯ ತೆರೆಯಿತು. ಮನೆಯಲ್ಲಿರುವ ಪದಕಗಳನ್ನು ತಂದುಕೊಡಿ ಎಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರು. ಅಮ್ಮ ಟ್ರಂಕು ತೆರೆದು ಕೊಟ್ಟದ್ದನ್ನು ಕರವಸ್ತ್ರದಲ್ಲಿ ಸುತ್ತಿ ಮಗಳು ತಂದರು. ಆಗ ಇಲ್ಲಿ ಮೊದಲ ಮುಖ್ಯಸ್ಥರಾಗಿದ್ದ ನಿವೃತ್ತ ಕ್ಯಾಪ್ಟನ್ ಒಬ್ಬರೇ ದವಸದ ಧೂಳಿನ ನಡುವೆ ಸೀನುತ್ತ ಕುರ್ಚಿಗಳನ್ನು ಎಳೆದಾಡುತ್ತಿದ್ದರು. ನೋಡಲಾಗದೆ ಈಕೆ ಸೆರಗು ಬಿಗಿದು ಒಂದು ಕೋಣೆ ಗುಡಿಸಿಕೊಟ್ಟರು. ನಾಳೆಯೂ ಬರುತ್ತೀಯಾ ಎಂದು ಕ್ಯಾಪ್ಟನ್ ಕೇಳಿದರು. ಪದಕ ಕೊಡಲು ಬಂದವರು ಪೊರಕೆ ಹಿಡಿದು ಉಳಿದುಬಿಟ್ಟರು.

ಕ್ಯಾಪ್ಟನ್ ಕೆಟ್ಟವರಲ್ಲ. ಪಾಲಿಶಕ್ಕನ ಅಮ್ಮ ಆಸ್ಪತ್ರೆ ಸೇರಿದಾಗ ಮೂರು ದಿನ ತಾವೇ ಗುಡಿಸಿದರಂತೆ. ಆದರೆ ಅವರಿಗೆ ಗೊತ್ತಿದ್ದ ಮರ್ಯಾದೆ ಒಂದೇ: ಹೊಳಪು. ಬೂಟು ಹೊಳೆಯಬೇಕು, ಬಕಲ್ ಹೊಳೆಯಬೇಕು, ಪದಕದಲ್ಲಿ ಮುಖ ಕಾಣಬೇಕು. ಕಪ್ಪಾದ ಪದಕ ಎಂದರೆ ಸತ್ತವನಿಗೆ ಮಾಡಿದ ಅವಮಾನ. ತಿಂಗಳಿಗೊಂದು ಸಲ, ಸೋಮವಾರದ ರಜೆಯ ದಿನ, ಮುನ್ನೂರ ಹನ್ನೆರಡನ್ನೂ ಹೊರಗೆ ತೆಗೆದು ಹಳೇ ಬನಿಯನ್ನಿನ ಬಟ್ಟೆಗೆ ಪಾಲಿಶ್ ಹಚ್ಚಿ ಉಜ್ಜಬೇಕು. ಸಂದುಗಳಿಗೆ ಹಲ್ಲುಜ್ಜುವ ಬ್ರಶ್ಶು. ಗಣ್ಯರು ಬರುವ ದಿನ ಇನ್ನೊಂದು ಸುತ್ತು.

"ಅಂಚು ಮರೀಬೇಡ ಅಂತಿದ್ರು ಸಾಹೇಬ್ರು. ಮುಖ ಎಲ್ರೂ ತೊಳ್ಕೋತಾರೆ, ಕಿವಿ ಹಿಂದೆ ತೊಳ್ಕೊಂಡೋನೇ ಶಿಸ್ತಿನ ಸಿಪಾಯಿ ಅನ್ನೋರು. ನಾನು ಅಂಚನ್ನೇ ಮೊದಲು ಉಜ್ತಿದ್ದೆ."

ಆ ಅಂಚಿನಲ್ಲೇ ಎಲ್ಲ ಇತ್ತು. ಪದಕದ ಮುಖ, ಬೆನ್ನು ಎಲ್ಲರದೂ ಒಂದೇ ಅಚ್ಚು. ಯಾರದೆಂದು ಹೇಳುವುದು ಸುತ್ತಲಿನ ಕಿರಿದಾದ ಅಂಚು ಮಾತ್ರ; ನಾಣ್ಯದ ಅಂಚಿನಷ್ಟು ಜಾಗದಲ್ಲಿ ಆತನ ಸಂಖ್ಯೆ, ದರ್ಜೆ, ಹೆಸರನ್ನು ಕೊರೆದಿರುತ್ತಾರೆ. ತಿಂಗಳಿಗೊಂದರಂತೆ, ಗಣ್ಯರ ಭೇಟಿಗಳನ್ನೂ ಸೇರಿಸಿದರೆ, ಇಪ್ಪತ್ತೆರಡು ವರ್ಷದಲ್ಲಿ ಒಂದೊಂದು ಪದಕವೂ ಮುನ್ನೂರು ಸಲ ಉಜ್ಜಿಸಿಕೊಂಡಿದೆ. ಗಟ್ಟಿ ಲೋಹದವು ತಡೆದವು. ಮೆದು ಬೆಳ್ಳಿಯವು ಕರಗಿದವು.

ಹೆಸರು ಬೇರೆಲ್ಲಾದರೂ ಇರಬೇಕಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಸಂಗ್ರಹಾಲಯದ ದಾಖಲೆ ಪುಸ್ತಕ ದಪ್ಪಗಿದೆ, ರಟ್ಟು ಗಟ್ಟಿಯಾಗಿದೆ, ಅಕ್ಷರ ಮುತ್ತಿನಂತಿದೆ. ಪುಟದ ಮೇಲೆ ಪುಟ ಒಂದೇ ಸಾಲು: 'ಪದಕ, ದುಂಡಗಿನದು, ಬಿಳಿ ಲೋಹ, ಒಂದು.' ಆಗಿನ ಗುಮಾಸ್ತರು ಹೆಸರನ್ನು ಬರೆದುಕೊಳ್ಳಲಿಲ್ಲ. ಹೆಸರು ಪದಕದ ಮೇಲೇ ಇದೆಯಲ್ಲ, ಮತ್ತೇಕೆ ಎರಡು ಕೆಲಸ ಎಂದರಂತೆ. ಮನೆಯವರು ಚೀಟಿ ಕಟ್ಟಿ ತಂದಿದ್ದರೆ ಅದನ್ನೂ ಕಿತ್ತು ಬುಟ್ಟಿಗೆ ಹಾಕಿದರು. ಪೆಟ್ಟಿಗೆಯೊಳಗೆ ಕಾಗದ ಇದ್ದರೆ ಅಂಗಡಿಯ ಹಾಗೆ ಕಾಣುತ್ತದೆ ಎಂದು ಕ್ಯಾಪ್ಟನ್ನರ ಅಪ್ಪಣೆ.

ಆ ಹೊಳಪಿಗೆ ಪ್ರಶಸ್ತಿಯೂ ಬಂತು. 'ಅತ್ಯಂತ ಅಚ್ಚುಕಟ್ಟಾದ ಸಂಗ್ರಹಾಲಯ' ಎಂಬ ಫಲಕ ಇಂದಿಗೂ ಮುಂಬಾಗಿಲಲ್ಲಿ ತೂಗುತ್ತಿದೆ. ಕೊಡಲು ಬಂದ ಗಣ್ಯರು ಪೆಟ್ಟಿಗೆಯ ಗಾಜಿನಲ್ಲಿ ತಮ್ಮ ಕ್ರಾಪು ಸರಿಮಾಡಿಕೊಂಡದ್ದನ್ನು ಪಾಲಿಶಕ್ಕ ಹಿಂದಿನಿಂದ ನೋಡಿದ್ದಾರೆ. ಫೋಟೋದಲ್ಲಿ ಅವರಿಲ್ಲ. ಫೋಟೋ ತೆಗೆಯುವವನು ಬಕೆಟ್ ಎತ್ತಿಕೊಂಡು ಸ್ವಲ್ಪ ಆಚೆ ಹೋಗಮ್ಮ ಎಂದಿದ್ದ.

*

ಅಕ್ಷರಗಳು ಮಸುಕಾಗುತ್ತಿದ್ದುದು ಅವರಿಗೆ ಕಂಡಿರಲಿಲ್ಲವೇ? ಕಂಡಿತ್ತು.

"ನನ್ನ ಕಣ್ಣು ಹೋಗ್ತಿದೆ ಅಂದ್ಕೊಂಡೆ," ಎನ್ನುತ್ತಾರೆ. "ವಯಸ್ಸಾಯ್ತಲ್ಲ. ಉಚಿತ ಕ್ಯಾಂಪಿಗೆ ಹೋಗಿ ಕನ್ನಡಕ ಹಾಕಿಸ್ಕೊಂಡೆ. ಸೋಮವಾರ ಬಂದು, ಕನ್ನಡಕ ಏರಿಸಿ, ಮೊದಲು ಅಪ್ಪಂದೇ ಕೈಗೆ ತಗೊಂಡೆ. ಗೋಡೆ ಮೇಲಿನ ಹಲ್ಲಿ ಕಣ್ಣೂ ಕಾಣ್ತಿತ್ತು ನಂಗೆ. ಅಂಚಲ್ಲಿ ಮಾತ್ರ ಏನೂ ಇಲ್ಲ. ಆಗ ಗೊತ್ತಾಯ್ತು, ಹೋಗಿದ್ದು ಕಣ್ಣಲ್ಲ ಅಂತ."

ಅಪ್ಪನ ಪದಕವೇ ಎಲ್ಲಕ್ಕಿಂತ ಮೊದಲು ಬೋಳಾಗಿತ್ತು. ಯಾರಿಗೂ ಕಾಣದ ಹಾಗೆ ಅದಕ್ಕೆ ಮಾತ್ರ ಎರಡು ಸುತ್ತು ಹೆಚ್ಚು ಉಜ್ಜುತ್ತಿದ್ದರು.

ಅದು ಎಂಟು ವರ್ಷದ ಹಿಂದಿನ ಮಾತು. ಅಂದು ಅವರು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಅರ್ಧ. ಹೇಳಿದರೂ ಉಜ್ಜುವುದನ್ನು ನಿಲ್ಲಿಸುವವರಿಲ್ಲ ಎಂಬ ತಿಳಿವಳಿಕೆ ಅರ್ಧ. ಅಂಚನ್ನು ಬಿಟ್ಟು ಬರಿಯ ಮುಖ ಉಜ್ಜತೊಡಗಿದರು. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಎರಡು ವರ್ಷದ ಹಿಂದೆ ಇಲಾಖೆಯಿಂದ ಲೋಹದ ವಸ್ತುಗಳ ತಜ್ಞೆಯೊಬ್ಬರು ಬಂದು, ಭೂತಗನ್ನಡಿ ಹಿಡಿದು, ಇಡೀ ದಿನ ಪದಕಗಳನ್ನು ತಿರುಗಿಸಿ ನೋಡಿದರು. ಸಂಜೆ ಪಾಲಿಶ್ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿಸಿದರು. ಕಪ್ಪು ಕಟ್ಟಲಿ, ಆ ಕಪ್ಪೇ ಲೋಹಕ್ಕೆ ಹೊದಿಕೆ ಎಂದರು. ಯಾರು ಉಜ್ಜಿದ್ದು ಎಂದು ಕೇಳಿದಾಗ ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿತು. ಉಜ್ಜಲು ಹೇಳಿದ್ದು ಯಾರು ಎಂದು ಯಾರೂ ಕೇಳಲಿಲ್ಲ.

ಅಲ್ಲಿಂದ ಇಲ್ಲಿಯವರೆಗೂ ಪಾಲಿಶಕ್ಕ ಒಂದೇ ಮಾತನ್ನು ಹೇಳುತ್ತ ಬಂದಿದ್ದಾರೆ: ಅಂಚಿನಲ್ಲಿ ಇಲ್ಲದಿದ್ದರೇನು, ನನಗೆ ಗೊತ್ತಿದೆ. ಒಂದರ ಕೊಂಡಿ ಎಡಕ್ಕೆ ವಾಲಿದೆ, ಅದು ಕಮ್ಮಾರನ ಅಣ್ಣನದು. ಇನ್ನೊಂದಕ್ಕೆ ತೂತು ಕೊರೆದಿದ್ದಾರೆ; ಸತ್ತವನ ಹೆಂಡತಿ ಅದನ್ನು ಸರಕ್ಕೆ ಪೋಣಿಸಿ ಕೊರಳಲ್ಲಿ ಹಾಕಿಕೊಂಡಿದ್ದರು. ಮತ್ತೊಂದರ ಮೇಲೆ ಮೊಮ್ಮಗು ಕಚ್ಚಿದ ಹಲ್ಲಿನ ಗುರುತು. ಮುನ್ನೂರು ಸಲ ಕೈಯಲ್ಲಿ ಹಿಡಿದ ವಸ್ತುವನ್ನು ಕೈ ಮರೆಯುವುದಿಲ್ಲ. ಆದರೆ ಸ್ವಚ್ಛತಾ ಸಿಬ್ಬಂದಿಯ ಕೈ ಹೇಳಿದ್ದನ್ನು ದಾಖಲೆ ಎಂದು ಕರೆಯುವುದು ಹೇಗೆ? ಕ್ಯುರೇಟರ್ ಎರಡು ಸಲ ಬರೆದುಕಳಿಸಿದರು. ಎರಡು ಸಲವೂ 'ಆಧಾರ ಸಾಲದು' ಎಂದು ಹಿಂದಕ್ಕೆ ಬಂತು.

*

ಈ ಮಂಗಳವಾರ ತಜ್ಞೆ ಮತ್ತೆ ಬಂದಿದ್ದಾರೆ. ಕ್ಯುರೇಟರ್ ಬಹಳ ಕೇಳಿಕೊಂಡ ಮೇಲೆ ಒಂದು ಪರೀಕ್ಷೆಗೆ ಒಪ್ಪಿದ್ದಾರೆ. ಹೆಸರು ಇನ್ನೂ ಓದಲು ಬರುವ ಇಪ್ಪತ್ತು ಪದಕಗಳನ್ನು ಆರಿಸಿ, ಅಂಚಿಗೆ ಸುತ್ತಲೂ ಕಾಗದದ ಪಟ್ಟಿ ಅಂಟಿಸಿ, ರಿಬ್ಬನ್ನುಗಳನ್ನು ಬಿಚ್ಚಿ, ಒಂದು ತಟ್ಟೆಯಲ್ಲಿ ಹರವಿ ಇಡುತ್ತಾರೆ. ಪಾಲಿಶಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಮುಂದೆ ಕೂರುತ್ತಾರೆ.

ಮೊದಲನೆಯದನ್ನು ಎತ್ತಿ ಕಣ್ಣು ಮುಚ್ಚುತ್ತಾರೆ. ಹೆಬ್ಬೆರಳು ಒಂದು ಸುತ್ತು ಬರುತ್ತದೆ. "ಇದು ಅಂಚೆಯವರ ತಮ್ಮಂದು. ಕೆಳಗೆ ಕಲ್ಲು ಬಡಿದ ಗುಳಿ ಇದೆ." ತಜ್ಞೆ ಪಟ್ಟಿ ಬಿಡಿಸಿ ನೋಡುತ್ತಾರೆ. ಸರಿ. ಎರಡನೆಯದು ಸರಿ. ಮೂರನೆಯದು ಸರಿ. ಹದಿನಾಲ್ಕಾಗುವಾಗ ತಜ್ಞೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಿದ್ದಾರೆ. ಕ್ಯುರೇಟರ್ ಉಗುರು ಕಚ್ಚುತ್ತಿದ್ದಾರೆ. ಹದಿನೇಳನೆಯದನ್ನು ಹಿಡಿದು ಪಾಲಿಶಕ್ಕ ಹುಬ್ಬು ಗಂಟಿಕ್ಕುತ್ತಾರೆ. ಇನ್ನೊಂದು ಸುತ್ತು. ಮತ್ತೊಂದು ಸುತ್ತು. ತಟ್ಟೆಗೆ ವಾಪಸ್ಸು ಇಡುತ್ತಾರೆ.

"ಗೊತ್ತಾಗ್ಲಿಲ್ವಾ?" ತಜ್ಞೆ ಕೇಳುತ್ತಾರೆ.

"ಇದು ನಮ್ಮನೇದಲ್ಲ ಮೇಡಂ."

"ಅಂದ್ರೆ?"

"ನಮ್ಮದಲ್ಲ. ಎಲ್ಲಿಂದ ಬಂತೋ ಗೊತ್ತಿಲ್ಲ. ನಾನು ಇದನ್ನ ಮುಟ್ಟೇ ಇಲ್ಲ."

ತಜ್ಞೆ ಆ ಪದಕವನ್ನು ಎತ್ತಿ ತಮ್ಮ ಕೈಚೀಲದಲ್ಲಿ ಹಾಕಿಕೊಳ್ಳುತ್ತಾರೆ. ಪರೀಕ್ಷೆಗೆಂದೇ ಬೇರೆ ಕಡೆಯಿಂದ ತಂದು ಸೇರಿಸಿದ್ದು ಅದು. "ಉಳಿದ ಮೂರು ಬೇಡ, ಸಾಕು," ಎಂದವರು, ಅಲ್ಲೇ ಕೂತು ಸಮಿತಿಗೆ ಪತ್ರ ಬರೆಯುತ್ತಾರೆ: ಈಕೆ ಪ್ರತಿ ಪದಕಕ್ಕೂ ಸಹಿ ಮಾಡಿ ಕೊಡುವ ಹೇಳಿಕೆಯನ್ನು ಆಧಾರವೆಂದು ಒಪ್ಪಬಹುದು.

ಒಂದೇ ಬೆಳಗಿನಲ್ಲಿ ಪಾಲಿಶಕ್ಕನ ಮಾತಿಗೆ ಬೆಲೆ ಬಂದಿದೆ. ಗುರುವಾರ ಅವರು ಯಾವ ಪದಕವನ್ನು ತೋರಿಸಿ ಯಾರ ಹೆಸರು ಹೇಳಿದರೂ ಅದು ಅವನದೇ ಆಗುತ್ತದೆ. ಇನ್ನು ಯಾರೂ ಪರೀಕ್ಷಿಸುವುದಿಲ್ಲ.

ಆದರೆ ಅವರ ಮುಖ ಅರಳಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಅಕ್ಕಪಕ್ಕ ಇರುವ ಎರಡು ಪದಕಗಳತ್ತ ನೋಡಿ ಕಣ್ಣು ತಪ್ಪಿಸುತ್ತಾರೆ. ಒಂದು ಅಪ್ಪನದು. ಇನ್ನೊಂದು ಅಪ್ಪನ ತುಕಡಿಯಲ್ಲೇ ಅಡುಗೆ ಮಾಡುತ್ತಿದ್ದವನದು. ಒಲೆ ಹೂಡಿದ್ದ ಡೇರೆಯ ಮೇಲೆ ಗುಂಡು ಬಿದ್ದು ಆತ ಸತ್ತ. ಪದಕ ಆಮೇಲೆ ಅಂಚೆಯಲ್ಲಿ ಬಂತು. ಇಬ್ಬರದೂ ಒಂದೇ ಯುದ್ಧ, ಒಂದೇ ಅಚ್ಚು. ಒಬ್ಬರು ಬದುಕಿದ್ದೂ ಹಾಕಿಕೊಳ್ಳಲಿಲ್ಲ, ಇನ್ನೊಬ್ಬ ಹಾಕಿಕೊಳ್ಳಲು ಬದುಕಿರಲಿಲ್ಲ. ಹೀಗಾಗಿ ಎರಡರ ಮೇಲೂ ಒಂದು ಗೀರಿಲ್ಲ, ಗುಳಿಯಿಲ್ಲ. ಅಪ್ಪನದು ಎಡಕ್ಕೆ, ಅಡುಗೆಯವನದು ಬಲಕ್ಕೆ ಎಂಬ ಜಾಗವೊಂದೇ ಗುರುತು. ಆರು ವರ್ಷದ ಹಿಂದೆ ಸುಣ್ಣ ಬಳಿಯುವವರು ಪೆಟ್ಟಿಗೆ ಸರಿಸುವಾಗ ಒಳಗಿನ ಮಖಮಲ್ಲಿನ ಹಲಗೆ ವಾಲಿತು. ಎರಡೂ ಕಳಚಿ, ಉರುಳಿ, ಪೆಟ್ಟಿಗೆಯ ತಳದಲ್ಲಿ ಒಂದರ ಮೇಲೊಂದು ಬಿದ್ದವು.

"ಎತ್ತಿ ಕೈಯಲ್ಲಿಟ್ಕೊಂಡೆ. ಎರಡೂ ನುಣ್ಣಗೆ. ಬೆರಳಲ್ಲಿ ತಡವಿ ತಡವಿ ನೋಡ್ದೆ. ಒಂದನ್ನ ಎಡಕ್ಕೆ ಹಾಕ್ದೆ, ಒಂದನ್ನ ಬಲಕ್ಕೆ ಹಾಕ್ದೆ. ಅವತ್ತೇ ಹೇಳ್ಬೇಕಿತ್ತು. ನಾಲಿಗೆ ಏಳ್ಲಿಲ್ಲ."

ಅಡುಗೆಯವನ ಮಗಳು ವರ್ಷಕ್ಕೊಮ್ಮೆ, ಅಪ್ಪ ಸತ್ತ ದಿನ, ತಪ್ಪದೆ ಬರುತ್ತಾರೆ. ಆಸ್ಪತ್ರೆಯಲ್ಲಿ ಆಯಾ. ಪೆಟ್ಟಿಗೆಯ ಮುಂದೆ ಐದು ನಿಮಿಷ ನಿಲ್ಲುತ್ತಾರೆ. ಆರು ವರ್ಷದಿಂದ ಪಾಲಿಶಕ್ಕ ಬಲಗಡೆಯದನ್ನು ತೋರಿಸುತ್ತಿದ್ದಾರೆ, ಏನೂ ಆಗಿಲ್ಲವೆಂಬಂತೆ.

*

ಬುಧವಾರ ಮಧ್ಯಾಹ್ನ, ಪಾಲಿಶಕ್ಕನೇ ಹೇಳಿ ಕಳಿಸಿ ಅಡುಗೆಯವನ ಮಗಳನ್ನು ಕರೆಸಿಕೊಂಡಿದ್ದಾರೆ. ಜಾಗ ಪಾಲಿಶಕ್ಕನ ಗಂಡನ ಹೊಲಿಗೆ ಅಂಗಡಿ. ಒಂದು ಮಿಷನ್ನು, ಒಂದು ಬೆಂಚು, ಕತ್ತರಿಸಿ ಉಳಿದ ಬಟ್ಟೆಯ ಗುಡ್ಡೆ. ಸಂಗ್ರಹಾಲಯದ ಸಮವಸ್ತ್ರಗಳಿಗೆ ತೇಪೆ ಹಾಕುವುದು ಇದೇ ಗಂಡ. ಆಯಾ ಬೆಂಚಿನ ತುದಿಯಲ್ಲಿ ಕೂತು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಕೇಳಿ ಮುಗಿದ ಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು ಎರಡು ಗುಟುಕು ಕುಡಿಯುತ್ತಾರೆ.

"ಆರು ವರ್ಷದಿಂದ ನಾನು ಯಾರ ಮುಂದೆ ನಿಂತು ಅಳ್ತಿದ್ದೆ ಹಾಗಾದ್ರೆ?"

"ಗೊತ್ತಿಲ್ಲ ಕಣೇ."

"ನಿಮ್ಮಪ್ಪನ ಮುಂದೆ ಇರ್ಬಹುದು."

"ಇರ್ಬಹುದು."

"ಒಳ್ಳೇದಾಯ್ತು ಬಿಡು. ನಿಮ್ಮಪ್ಪಂಗೂ ಯಾರಾದ್ರೂ ಅಳ್ಬೇಕಲ್ಲ, ನೀನಂತೂ ಅತ್ತಿದ್ದು ಕಾಣೆ." ಆಯಾ ಬಾಟಲಿಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡುತ್ತಾರೆ. "ಈಗೇನು? ನಾಳೆ ನೀನು ಹೇಳಿದ್ದೇ ಖರೆ ಅಂತ ಬರ್ಕೋತಾರಂತಲ್ಲ. ಎಡಗಡೇದು ನಿಮ್ಮಪ್ಪಂದು, ಬಲಗಡೇದು ನಮ್ಮಪ್ಪಂದು ಅಂತ ಹೇಳಿ ಮುಗಿಸಕ್ಕ. ಯಾರು ಕೇಳ್ತಾರೆ? ನಾನು ಕೇಳಲ್ಲ."

"ಅದಲ್ಲ ಅಂದ್ರೆ?"

"ಅಲ್ಲ ಅಂತ ಹೇಳೋಕೆ ಯಾರಿದಾರೆ? ಸತ್ತೋರು ಎದ್ದು ಬಂದು ಅದಲುಬದಲು ಮಾಡ್ಕೋತಾರಾ?"

ಮಿಷನ್ನು ನಿಲ್ಲಿಸಿ ಗಂಡ ಬಾಯಿ ಹಾಕುತ್ತಾರೆ. "ಅವ್ಳು ಹೇಳೋದ್ರಲ್ಲಿ ತಪ್ಪೇನಿದೆಯೇ? ಅರ್ಧಕ್ಕರ್ಧ ನಿಜ ಇರೋ ಚಾನ್ಸ್ ಇದೆ. ನಾನು ಹೊಲಿಯೋ ಪ್ಯಾಂಟಲ್ಲಿ ಅಷ್ಟೂ ಇರಲ್ಲ."

ಪಾಲಿಶಕ್ಕ ಬಟ್ಟೆಯ ಗುಡ್ಡೆಯಿಂದ ಒಂದು ತುಂಡನ್ನು ಎಳೆದು ಬೆಂಚಿನ ತುದಿಯನ್ನು ಒರೆಸತೊಡಗಿದ್ದಾರೆ, ಗೊತ್ತಿಲ್ಲದ ಹಾಗೆ. ಆಯಾ ಅವರ ಕೈ ಹಿಡಿದು ನಿಲ್ಲಿಸುತ್ತಾರೆ.

"ನಿಮ್ಮಪ್ಪ ನಮ್ಮಪ್ಪನ್ನ ಹೊತ್ಕೊಂಡು ಬಂದ್ರಂತೆ. ಅಮ್ಮ ಹೇಳ್ತಿದ್ಲು."

"ನಮ್ಮಪ್ಪ ಹೇಳ್ಲಿಲ್ಲ."

"ನಿಮ್ಮಪ್ಪ ಏನು ಹೇಳಿದಾರೆ ಅಂತ? ಅದಿರ್ಲಿ. ನಂಗೆ ಇರೋದು ಅದೊಂದೇ ಅಕ್ಕ. ಫೋಟೋ ಇಲ್ಲ. ಹೂತ ಜಾಗ ಎಲ್ಲೋ ಗೊತ್ತಿಲ್ಲ. ವರ್ಷಕ್ಕೊಂದ್ಸಲ ರಜೆ ಹಾಕಿ, ಬಸ್ ಹಿಡಿದು ಬಂದು ನೋಡೋಕೆ ಒಂದು ದುಂಡು ತಗಡು ಇದೆ. ಅದನ್ನೂ ಕಳಿಸಿಬಿಡ್ತೀಯಾ?"

ಪಾಲಿಶಕ್ಕ ಕೈ ಬಿಡಿಸಿಕೊಂಡು, ಬಟ್ಟೆಯ ತುಂಡನ್ನು ಗುಡ್ಡೆಗೆ ಹಾಕಿ ಏಳುತ್ತಾರೆ. ಸಂಜೆ ಮನೆಯಲ್ಲಿ ಗಂಡ ಎರಡು ಸಲ ಕೆಣಕಿ ನೋಡಿ, ಅಪ್ಪನ ಮಗಳೇ ಸರಿ ಎಂದು ಗೊಣಗಿ ಸುಮ್ಮನಾಗುತ್ತಾರೆ.

*

ಗುರುವಾರ ಹನ್ನೊಂದಕ್ಕೆ ಸಮಿತಿ ಕೂರುತ್ತದೆ. ಮೇಜಿನ ಆಚೆ ನಾಲ್ವರು, ಪಕ್ಕದಲ್ಲಿ ತಜ್ಞೆ, ಈಚೆ ಪಾಲಿಶಕ್ಕ. ಕೂರಲು ಹೇಳಲು ಮರೆತಿದ್ದಾರೆ. ಕ್ಯುರೇಟರ್ ಒಂದು ಕುರ್ಚಿ ತಂದು ಹಿಂದೆ ಇಡುತ್ತಾರೆ. ನಮೂನೆಯಲ್ಲಿ 'ಮಾಹಿತಿ ಕೊಟ್ಟವರು' ಎಂಬ ಕಡೆ ಕುಟುಂಬ, ಸೈನ್ಯ, ಸಂಶೋಧಕರು ಎಂಬ ಮೂರು ಚೌಕಗಳಿವೆ. ಪಾಲಿಶಕ್ಕ ಯಾವುದರಲ್ಲೂ ಹಿಡಿಸುವುದಿಲ್ಲ. 'ಇತರೆ' ಎಂದು ಬರೆದುಕೊಳ್ಳುತ್ತಾರೆ.

ಒಂದೊಂದೇ ಪದಕ ಎತ್ತುತ್ತಾರೆ, ಹೆಬ್ಬೆರಳು ಒಂದು ಸುತ್ತು ಬರುತ್ತದೆ, ಹೆಸರು ಹೇಳುತ್ತಾರೆ, ಯಾರ ಮನೆಯವರು ಯಾವಾಗ ತಂದುಕೊಟ್ಟರು ಎಂದು ಹೇಳುತ್ತಾರೆ, ಸಹಿ ಮಾಡುತ್ತಾರೆ. ಏಳನೇ ತರಗತಿಗೆ ನಿಂತ ಅಕ್ಷರ, ಒತ್ತಿ ಒತ್ತಿ ಬರೆಯುತ್ತಾರೆ. ಸಮಿತಿಯ ಒಬ್ಬರು ನಡುವೆ ಫೋನಿಗೆ ಎದ್ದುಹೋಗಿ, ಬಂದು, ಎಷ್ಟಾಯಿತು ಎಂದು ಕೇಳುತ್ತಾರೆ. ಮೂರು ಗಂಟೆಗೆ ಐವತ್ತೈದು ಮುಗಿಯುತ್ತವೆ. ಬಾಗಿಲ ಬಳಿ ಆಯಾ ನಿಂತಿದ್ದಾರೆ, ಆಸ್ಪತ್ರೆಯ ಸಮವಸ್ತ್ರದಲ್ಲೇ.

ಕೊನೆಯ ಎರಡು ಪದಕಗಳು ಮೇಜಿನ ಮೇಲಿವೆ.

"ಇವು?" ಅಧ್ಯಕ್ಷರು ಗಡಿಯಾರ ನೋಡುತ್ತಾರೆ.

ಪಾಲಿಶಕ್ಕ ಎರಡನ್ನೂ ಎರಡು ಕೈಯಲ್ಲಿ ಎತ್ತಿಕೊಳ್ಳುತ್ತಾರೆ. ಬಹಳ ಹೊತ್ತು ಹಿಡಿದಿರುತ್ತಾರೆ. ತಜ್ಞೆ ಪೆನ್ನು ಕೆಳಗಿಡುತ್ತಾರೆ.

"ಇದ್ರಲ್ಲಿ ಒಂದು ನಮ್ಮಪ್ಪಂದು. ಒಂದು ಅವ್ರಪ್ಪಂದು. ಯಾವುದು ಯಾರದು ಅಂತ ನಂಗೆ ಗೊತ್ತಿಲ್ಲ."

"ಅಂದಾಜಿಗೆ?"

"ಉಳಿದ ಐವತ್ತೈದು ನಾನು ಅಂದಾಜಿಗೆ ಹೇಳಿದ್ದಲ್ಲ ಸಾರ್."

ಎರಡಕ್ಕೂ ಸೇರಿಸಿ ಇಬ್ಬರ ಹೆಸರನ್ನೂ ಬರೆದು ಇಲ್ಲೇ ಇಡಬಹುದಲ್ಲ ಎಂದು ಕ್ಯುರೇಟರ್ ಮೆಲ್ಲಗೆ ಕೇಳುತ್ತಾರೆ. ಒಂದು ವಸ್ತುವಿಗೆ ಒಂದೇ ಹೆಸರು, ನಮೂನೆಯಲ್ಲಿ ಹಾಗೆ ಜಾಗವಿಲ್ಲ ಎನ್ನುತ್ತಾರೆ ಅಧ್ಯಕ್ಷರು. 'ಗುರುತು ಸಿಗದವು: ಎರಡು' ಎಂದು ಬರೆದಾಗುತ್ತದೆ. ಐವತ್ತೈದರ ಕೆಳಗೆ ಬರುವ ಹೊಸ ಫಲಕದಲ್ಲಿ 'ಸಂಗ್ರಹಾಲಯದ ಮೂಲಗಳ ಪ್ರಕಾರ' ಎಂದು ಹಾಕುವುದೆಂದೂ ತೀರ್ಮಾನವಾಗುತ್ತದೆ. ಮೂಲಕ್ಕೆ ಹೆಸರಿಲ್ಲ.

ಹೊರಗಿನ ಮೆಟ್ಟಿಲ ಮೇಲೆ ಆಯಾ ಕಾದು ನಿಂತಿದ್ದಾರೆ.

"ನಿನ್ನ ನಿಯತ್ತಿಗೆ ನಮ್ಮಪ್ಪನ್ನ ಯಾಕೆ ಡಬ್ಬಿಗೆ ಹಾಕಿದೆ?"

"ನಮ್ಮಪ್ಪನ್ನೂ ಹಾಕ್ದೆ."

"ನಿಂಗೆ ಐವತ್ತೈದು ಜನ ಉಳಿದ್ರು. ನಂಗೆ ಒಬ್ನೇ ಇದ್ದ." ಅಷ್ಟು ಹೇಳಿ ಆಯಾ ಇಳಿದುಹೋಗುತ್ತಾರೆ. ತಿರುವಿನವರೆಗೂ ಹಿಂದಕ್ಕೆ ನೋಡುವುದಿಲ್ಲ. ಇನ್ನು ವರ್ಷಕ್ಕೊಮ್ಮೆಯೂ ಅವರು ಇಲ್ಲಿಗೆ ಬರಲು ಕಾರಣವಿಲ್ಲ.

ಪಾಲಿಶಕ್ಕ ಆಯಾಳನ್ನು ದೂರುವುದಿಲ್ಲ. "ಅವಳು ಬೈದಿದ್ದು ಸರಿ," ಎನ್ನುತ್ತಾರೆ. "ಆದ್ರೆ ಆ ಎರಡಕ್ಕೆ ಸುಳ್ಳು ಹೇಳಿದ್ರೆ ಐವತ್ತೈದೂ ಸುಳ್ಳಾಗ್ತಿತ್ತು. ಬೇರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನಂಗೆ ಗೊತ್ತಾಗ್ತಿತ್ತು. ಹೆಸರು ಅಳಿಸಿದ್ದೂ ನಾನೇ, ತಪ್ಪು ಹೆಸರು ಬರೆಸಿದ್ದೂ ನಾನೇ ಆಗ್ಬಾರ್ದಲ್ಲ."

ಶುಕ್ರವಾರ ಬೆಳಿಗ್ಗೆ ಕ್ಯುರೇಟರ್ ಉಗ್ರಾಣಕ್ಕೆ ಹೋಗುವ ಸಾಮಾನು ಕಟ್ಟಲು ಕೂತಿದ್ದಾರೆ. ಒಂದು ವಸ್ತುವಿಗೆ ಒಂದು ಲಕೋಟೆ ಎಂಬುದು ನಿಯಮ. ಎರಡು ಲಕೋಟೆಗಳ ಮೇಲೆ ಎರಡು ಬೇರೆ ಸಂಖ್ಯೆಗಳನ್ನು ಬರೆದಿಟ್ಟಿದ್ದಾರೆ. ಬೇರೆ ಬೇರೆ ಕಪಾಟುಗಳಿಗೆ ಹೋದರೂ ಹೋಗಬಹುದು. ಪಾಲಿಶಕ್ಕ ಬಾಗಿಲಲ್ಲಿ ನಿಂತು ನೋಡುತ್ತಾರೆ. ಇಪ್ಪತ್ನಾಲ್ಕು ವರ್ಷದಲ್ಲಿ ಅವರು ಈ ಕಚೇರಿಯಲ್ಲಿ ತಮಗಾಗಿ ಏನನ್ನೂ ಕೇಳಿದವರಲ್ಲ. ಈಗ ಕೇಳುತ್ತಾರೆ.

"ಸಾರ್, ಇಬ್ರನ್ನೂ ಒಂದೇ ಲಕೋಟೇಲಿ ಹಾಕಿ."

ಕ್ಯುರೇಟರ್ ತಲೆ ಎತ್ತುತ್ತಾರೆ. "ಒಟ್ಟಿಗೆ ಹಾಕಿದ್ರೆ ಇನ್ಯಾವತ್ತೂ ಬೇರೆ ಮಾಡೋಕಾಗಲ್ಲ ಅಕ್ಕ."

"ಬೇಡ ಸಾರ್, ಯಾರೂ ಬೇರೆ ಮಾಡೋದು ಬೇಡ. ಯಾವುದು ಯಾರದು ಅಂತ ಅವರಿಬ್ಬರಿಗಾದ್ರೂ ಗೊತ್ತಿರತ್ತೆ."